ಓದು ತೊಡಕಾದ ಹುಡುಗರಿಗೆ ಜೊತೆಗೊಬ್ಬರು



ಪಿಯುಸಿವರೆಗೆ ಬಂದಿದ್ದಾರೆ, ಆದರೂ ಓದುವುದು ಬರೆಯುವುದೇ ಕಷ್ಟ. ಅಂಥ ವಿದ್ಯಾರ್ಥಿಗಳ ವಿಷಯವಾಗಿ ಇವತ್ತು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

ಶ್ರೀರಂಗಪಟ್ಟಣ ದ್ವೀಪದ ಮೂಡಣ ದಿಕ್ಕಿಗಿರುವ ಗಂಜಾಂ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ನಿಮಿಷಾಂಬೆಗೆ ಹರಕೆ ಹೊತ್ತವರು, ಗುಂಬಜ್ ನೋಡಲು ಬಂದವರು, ಸಂಗಮದಲ್ಲಿ ಮೀಯಲು ಹೊರಟವರು ಎಲ್ಲರೂ ಹಾಯುವುದು ಆ ಊರಿನ ಆಸುಪಾಸಿನಲ್ಲೇ. ಅಲ್ಲಿ ಬೆಳೆದ ಮಗು ಅಕ್ಷರ ಕಲಿಯುವ ಮೊದಲೇ ಚರಿತ್ರೆಯನ್ನು ಕೇಳಿಸಿಕೊಂಡಿರುತ್ತದೆ. ಹೈದರಾಲಿ ತೀರಿಕೊಂಡ 1782, ಟಿಪ್ಪು ಬಿದ್ದ 1799ರ ಮೇ 4, ಇವೆಲ್ಲ ಗೈಡುಗಳ ಬಾಯಿಂದ ಕಿವಿಗೆ ಬಿದ್ದು ಬಿದ್ದು ಬಾಯಿಪಾಠವಾಗಿರುತ್ತವೆ. ಇಂಥ ಊರಿನ ಹುಡುಗನೊಬ್ಬ ಕಲಾ ವಿಭಾಗಕ್ಕೆ ಸೇರಿ ಇತಿಹಾಸ ತೆಗೆದುಕೊಂಡಿದ್ದಾನೆ ಎಂದಿಟ್ಟುಕೊಳ್ಳಿ. ನಾಲ್ಕನೇ ಮೈಸೂರು ಯುದ್ಧ ಹೇಗಾಯಿತಪ್ಪ ಎಂದು ಕೇಳಿದರೆ ನಿಂತಲ್ಲೇ ಹೇಳುತ್ತಾನೆ. ಕೋಟೆಗೋಡೆ ಒಡೆದದ್ದು ಯಾವ ಮೂಲೆಯಲ್ಲಿ, ಬೇಸಿಗೆಯಲ್ಲಿ ಹೊಳೆ ಬತ್ತಿದ್ದರಿಂದ ದಾಟುವವರಿಗೆ ಎಷ್ಟು ಅನುಕೂಲವಾಯಿತು, ಎಲ್ಲವೂ ಅವನಿಗೆ ಗೊತ್ತು. ಅದನ್ನೇ ಹತ್ತು ಅಂಕದ ಪ್ರಶ್ನೆ ಮಾಡಿ ಮುಂದಿಟ್ಟರೆ ಮೂರು ಸಾಲು ಬರೆದು ಪೆನ್ನು ಕೆಳಗಿಡುತ್ತಾನೆ. ಆ ಮೂರು ಸಾಲಿನಲ್ಲೂ ಒತ್ತಕ್ಷರ ಎಲ್ಲೋ ಹೋಗಿರುತ್ತವೆ, ದೀರ್ಘ ಹ್ರಸ್ವವಾಗಿರುತ್ತದೆ.

ಪಿಯು ಕಾಲೇಜಿನಲ್ಲಿ ಪಾಠ ಮಾಡಿದವರಿಗೆ ಇಂಥವರ ಪರಿಚಯ ಇದ್ದೇ ಇರುತ್ತದೆ. ಅವರ ಮನೆಯವರ ಮಾತೂ ಪರಿಚಯವೇ. ಫಲಿತಾಂಶ ಬಂದ ಮೇಲೆ ಒಬ್ಬ ತಾಯಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನನಗೆ ಹೇಳಿದ ಮಾತು: “ಕೇಳುದ್ರೆ ಎಲ್ಲಾನೂ ಹೇಳ್ತನೆ ಸಾ, ಬರ್ಯಕ್ಕೆ ಕುಂತ್ರೆ ಆಗಾಕಿಲ್ಲ.” ಮೈಸೂರಿಗೆ ಕರೆದುಕೊಂಡು ಹೋಗಿ ಒಂದು ಸಲ ತೋರಿಸಿ ತಾಯಿ ಎಂದೆ. “ಕಣ್ಣಾಸ್ಪತ್ರೆಗಾ ಸಾ?” ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಓದಲಾಗದವನನ್ನು ಕಣ್ಣಿನ ಡಾಕ್ಟರ ಹತ್ತಿರವಲ್ಲದೆ ಇನ್ನೆಲ್ಲಿಗೆ ಕರೆದೊಯ್ಯಬೇಕು ಎಂದು ಅವರಿಗೆ ಆ ತನಕ ಯಾರೂ ಹೇಳಿರಲಿಲ್ಲ.

ಆ ತಾಯಿ ಹೇಳಿದ್ದನ್ನೇ ಹೆಚ್ಚುಕಡಿಮೆ ನೂರಮೂವತ್ತು ವರ್ಷದ ಹಿಂದೆ ಇಂಗ್ಲೆಂಡಿನ ಒಬ್ಬ ಮೇಷ್ಟರು ಹೇಳಿದ್ದರು. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಹದಿನಾಲ್ಕು ವರ್ಷದ ಪರ್ಸಿ ಎಂಬ ಹುಡುಗನ ವಿಷಯ ಬರೆದರು. ಹುಡುಗ ಚುರುಕು, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲ, ಕಣ್ಣು ಸರಿಯಾಗಿದೆ, ಲೆಕ್ಕ ಮಾಡುತ್ತಾನೆ. ಓದು ಮಾತ್ರ ಹತ್ತುತ್ತಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಇಡೀ ಶಾಲೆಗೆ ಇವನೇ ಜಾಣನಾಗುತ್ತಿದ್ದ ಎಂದು ಅವನ ಮೇಷ್ಟರು ಹೇಳಿದ್ದನ್ನು ಡಾಕ್ಟರು ದಾಖಲಿಸಿದ್ದಾರೆ. ಇದಕ್ಕೆ ಡಿಸ್ಲೆಕ್ಸಿಯಾ ಎಂಬ ಹೆಸರು 1887ರಲ್ಲೇ ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ ಅವರಿಂದ ಬಂದಿತ್ತು. ಬರವಣಿಗೆಯಲ್ಲಿ ಕಾಣುವ ತೊಡಕಿಗೆ ಡಿಸ್‌ಗ್ರಾಫಿಯಾ, ಲೆಕ್ಕದ ತೊಡಕಿಗೆ ಡಿಸ್‌ಕ್ಯಾಲ್ಕುಲಿಯಾ ಎನ್ನುತ್ತಾರೆ. ನಮ್ಮ ಕಾನೂನು ಎಲ್ಲವನ್ನೂ ಸೇರಿಸಿ ನಿರ್ದಿಷ್ಟ ಕಲಿಕಾ ನ್ಯೂನತೆ ಎಂದು ಕರೆಯುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ, ಬೇರೆ ಬೇರೆ ಭಾಷೆ, ಬೇರೆ ಬೇರೆ ನಾಡುಗಳನ್ನು ಒಟ್ಟಿಗೆ ನೋಡಿದರೆ ಶಾಲೆಯ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 5ರಿಂದ 15 ಮಂದಿಗೆ ಈ ತೊಡಕು ಇರುತ್ತದೆ. ಅರವತ್ತು ಜನರ ತರಗತಿಯಲ್ಲಿ ಮೂವರಾದರೂ ಇರಬಹುದು ಎಂದಾಯಿತು.

ಇದು ಸೋಮಾರಿತನ ಅಲ್ಲ, ಮೊಬೈಲಿನ ಚಟ ಅಲ್ಲ, ದಡ್ಡತನವಂತೂ ಅಲ್ಲವೇ ಅಲ್ಲ. ಹುಟ್ಟಿನಿಂದ ಬಂದದ್ದು, ಮನೆತನದಲ್ಲಿ ಹರಿದು ಬರುವುದೂ ಉಂಟು. ಮಾತಿನ ಸದ್ದುಗಳನ್ನು ಬಿಡಿಬಿಡಿಯಾಗಿ ಹಿಡಿದು, ಒಂದೊಂದಕ್ಕೂ ಅದರದರ ಅಕ್ಷರ ಹೊಂದಿಸುವ ಕೆಲಸ ನಮಗೆ ಗೊತ್ತಾಗದಂತೆ ನಡೆದುಹೋಗುತ್ತದೆ. ಇವರಿಗೆ ಹಾಗಾಗುವುದಿಲ್ಲ, ಪ್ರತಿ ಪದಕ್ಕೂ ಹೊಸದಾಗಿ ಹೆಣಗಬೇಕು. ಕಬ್ಬು ತುಂಬಿದ ಗಾಡಿಯನ್ನು ದಿಬ್ಬ ಹತ್ತಿಸುವ ಎತ್ತಿಗೆ ಅಕ್ಕಪಕ್ಕದ ಹೊಲ ಕಾಣುತ್ತದೆಯೇ? ಅಕ್ಷರ ಕೂಡಿಸುವುದಕ್ಕೇ ಶಕ್ತಿಯೆಲ್ಲ ಹೋದ ಮೇಲೆ ವಾಕ್ಯದ ಅರ್ಥ ಹಿಡಿಯಲು ಏನು ಉಳಿದೀತು?

ಹಾಗಾದರೆ ಹತ್ತನೇ ತರಗತಿ ತನಕ ಇವರು ಹೇಗೆ ಬಂದರು ಎಂದು ನೀವು ಕೇಳಬಹುದು. ಇದಕ್ಕೆ ಉತ್ತರದ ಒಂದು ಭಾಗ ನಮ್ಮ ಲಿಪಿಯಲ್ಲೇ ಇದೆ. ಕನ್ನಡದಲ್ಲಿ ಬರೆದದ್ದನ್ನೇ ಓದುತ್ತೇವೆ, ಒಂದು ಅಕ್ಷರಕ್ಕೆ ಹೆಚ್ಚುಕಡಿಮೆ ಒಂದೇ ಉಚ್ಚಾರ. ಆದ್ದರಿಂದ ಕೂಡಿಸಿ ಓದುವುದನ್ನು ಕಷ್ಟಪಟ್ಟಾದರೂ ಕಲಿಯಬಹುದು. ಆದರೆ ಕಲಿಯಬೇಕಾದ್ದು ಕಡಿಮೆಯೇನಲ್ಲ. ಮೂಲಾಕ್ಷರಗಳು 49, ಕಾಗುಣಿತ ಸೇರಿದರೆ ರೂಪಗಳು ನೂರಾರು, ಅದರ ಮೇಲೆ ಒತ್ತಕ್ಷರ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಕನ್ನಡ ಓದುವ ಮಕ್ಕಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಕ್ಷರಗಳ ಈ ಕಲಿಕೆ ಮೊದಲ ಒಂದೆರಡು ವರ್ಷಕ್ಕೆ ಮುಗಿಯದೆ ನಾಲ್ಕನೇ ತರಗತಿಯಲ್ಲೂ ಮುಂದುವರಿದಿರುತ್ತದೆ ಎಂಬುದನ್ನು ತೋರಿಸಿದರು. ‘ಕರ್ನಾಟಕ’ ಎಂದು ಬರೆಯುವುದನ್ನೇ ನೋಡಿ. ಬಾಯಲ್ಲಿ ರಕಾರ ಮೊದಲು ಬರುತ್ತದೆ, ಹಾಳೆಯ ಮೇಲೆ ಅರ್ಕಾವೊತ್ತು ‘ನಾ’ ಆದಮೇಲೆ ಕೂರುತ್ತದೆ. ಮ ಮತ್ತು ಯ, ಪ ಮತ್ತು ಷ, ದ ಮತ್ತು ಧ, ಇವುಗಳ ನಡುವೆ ಒಂದೊಂದು ಸಣ್ಣ ಗೆರೆಯ ವ್ಯತ್ಯಾಸ. ತೊಡಕಿರುವ ಮಗು ಇದನ್ನೆಲ್ಲ ದಾಟಿ ಕೊನೆಗೆ ತಪ್ಪಿಲ್ಲದೆ ಓದುವುದನ್ನು ಕಲಿತರೂ ವೇಗ ಬರುವುದಿಲ್ಲ. ನಿಧಾನಕ್ಕೆ ಓದುತ್ತಾನೆ ಬಿಡಿ ಎಂದು ಮೇಷ್ಟರು ಸುಮ್ಮನಾಗುತ್ತಾರೆ. ಜ್ಞಾಪಕಶಕ್ತಿ ಚೆನ್ನಾಗಿದ್ದವನು ಪಾಠ ಕೇಳಿಯೇ ಹೇಗೋ ಎಸ್ಸೆಸ್ಸೆಲ್ಸಿ ಪಾಸು ಮಾಡಿಬಿಡುತ್ತಾನೆ.

ಪಿಯುಸಿಗೆ ಬಂದ ಕೂಡಲೇ ಈ ಸಾಹಸ ಕುಸಿಯುತ್ತದೆ. ಪುಸ್ತಕ ಎರಡರಷ್ಟು ದಪ್ಪ. ಕನ್ನಡ ಮಾಧ್ಯಮದಲ್ಲಿ ಓದಿ ವಿಜ್ಞಾನಕ್ಕೆ ಸೇರಿದವರಿಗೆ ಎಲ್ಲವೂ ಇಂಗ್ಲಿಷು. ಆ ಭಾಷೆಯಲ್ಲೋ, ‘ough’ ಎಂಬ ನಾಲ್ಕು ಅಕ್ಷರಗಳ ಒಂದೇ ಗುಂಪಿಗೆ ಒಂದು ಪದದ ಕೊನೆಯಲ್ಲಿ ‘ಓ’ ಎಂದು, ಇನ್ನೊಂದರ ಕೊನೆಯಲ್ಲಿ ‘ಊ’ ಎಂದು, ಮತ್ತೊಂದರಲ್ಲಿ ‘ಅಫ್’ ಎಂದು ಉಚ್ಚಾರ. ಕನ್ನಡದಲ್ಲಿ ಬರೀ ನಿಧಾನವಾಗಿದ್ದವನು ಇಲ್ಲಿ ನಿಂತೇ ಬಿಡುತ್ತಾನೆ. ವಾಣಿಜ್ಯ ತೆಗೆದುಕೊಂಡವರಿಗೆ ಲೆಕ್ಕಶಾಸ್ತ್ರದ ಕಾಲಮ್ಮುಗಳು ಒಂದರೊಳಗೊಂದು ಕಲಸಿಕೊಳ್ಳುತ್ತವೆ. ಕಲಾ ವಿಭಾಗ ಸುಲಭ ಎಂಬುದು ನಮ್ಮ ಜನರ ಭಾವನೆ, ಆದರೆ ಬರೆಯಲಾಗದವನಿಗೆ ಅದರಷ್ಟು ಕಷ್ಟದ್ದು ಬೇರೊಂದಿಲ್ಲ. ಅಲ್ಲಿ ಎಲ್ಲವೂ ಉದ್ದುದ್ದದ ಉತ್ತರ.

ಆ ವಯಸ್ಸಿನ ಮನಸ್ಸನ್ನೂ ಸ್ವಲ್ಪ ಯೋಚಿಸಿ. ಎಂಟು ವರ್ಷದ ಮಗುವಿಗೆ ಓದು ಬರದಿದ್ದರೆ ಅಳುತ್ತದೆ, ಅಳುವುದು ಕಾಣುತ್ತದೆ. ಹದಿನೇಳರ ಹುಡುಗ ಅಳುವುದಿಲ್ಲ. ಗಟ್ಟಿಯಾಗಿ ಓದು ಎಂದರೆ ಕನ್ನಡಕ ತಂದಿಲ್ಲ ಎನ್ನುತ್ತಾನೆ, ಟೆಸ್ಟಿನ ದಿನ ಬರುವುದಿಲ್ಲ, ಕೊನೆಯ ಬೆಂಚಿನಲ್ಲಿ ಕೂತು ಬೇರೆಯವರನ್ನು ನಗಿಸುತ್ತಾನೆ. ಕ್ರಮೇಣ ಆಲೆಮನೆಗೋ ಗ್ಯಾರೇಜಿಗೋ ಹೋಗಿ ಸೇರುತ್ತಾನೆ. ಹುಡುಗಿಯರು ಇನ್ನೂ ಮೌನವಾಗಿ ಮಾಯವಾಗುತ್ತಾರೆ. ಫೇಲಾದ ಹುಡುಗಿಗೆ ಗಂಡು ನೋಡಲು ಹಳ್ಳಿಯಲ್ಲಿ ಹೆಚ್ಚು ದಿನ ಬೇಕಾಗಿಲ್ಲ. ಹಾಜರಿ ಪುಸ್ತಕದಲ್ಲಿ ಇವರೆಲ್ಲರ ಹೆಸರಿನ ಮುಂದೆ ಒಂದೇ ಗುರುತು ಬೀಳುತ್ತದೆ, ಕಾರಣ ಬರೆಯಲು ಅಲ್ಲಿ ಜಾಗವಿಲ್ಲ.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ನ್ಯೂನತೆಗಳಿದ್ದವು, ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆ ಪಟ್ಟಿಯನ್ನು 21ಕ್ಕೆ ಏರಿಸಿ ಇದನ್ನೂ ಸೇರಿಸಿತು. 2017ರ ಏಪ್ರಿಲ್ 19ರಿಂದ ಅದು ಜಾರಿಯಲ್ಲಿದೆ. ಅದರ 16ನೇ ಕಲಮು ಇಂಥ ಮಕ್ಕಳನ್ನು ಬೇಗ ಗುರುತಿಸಿ ಅವರಿಗೆ ಒಗ್ಗುವ ರೀತಿಯಲ್ಲಿ ಕಲಿಸಬೇಕು ಎನ್ನುತ್ತದೆ. 17ನೇ ಕಲಮು ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರ ಸೌಲಭ್ಯ, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇವನ್ನು ಹೆಸರಿಟ್ಟೇ ಹೇಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆ ಹದಿನಾಲ್ಕಕ್ಕೆ ನಿಂತರೂ, ಶೇಕಡಾ 40 ಅಥವಾ ಹೆಚ್ಚಿನ ನ್ಯೂನತೆ ಇರುವವರಿಗೆ ಹದಿನೆಂಟರ ತನಕ ಉಚಿತ ಶಿಕ್ಷಣದ ಹಕ್ಕನ್ನು ಈ ಕಾಯ್ದೆ ಕೊಟ್ಟಿದೆ. ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಲಿಖಿತ ಪರೀಕ್ಷೆಗಳ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿಗೆ ಕೊಡಬೇಕೆಂದಿತು. ಆ ಲೆಕ್ಕದಲ್ಲಿ ಮೂರು ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ. ಶೇಕಡಾ 40 ಇಲ್ಲದಿದ್ದರೂ ಬರೆಯಲು ನಿಜವಾಗಿ ಕಷ್ಟವಿರುವವರಿಗೆ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2021ರ ಫೆಬ್ರವರಿ 11ರಂದು ವಿಕಾಶ್ ಕುಮಾರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅದರ ಹಿಂದೆಯೇ 2022ರ ಆಗಸ್ಟ್‌ನಲ್ಲಿ ಅಂಥವರಿಗೂ ಮಾರ್ಗಸೂಚಿ ಬಂತು.

ಪರಿಣತರು ದೂರದಲ್ಲೇನೂ ಇಲ್ಲ. 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಗಂಜಾಂನಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರುವಷ್ಟು ಹತ್ತಿರ. ಮಾತು, ಕಿವಿಯ ಜೊತೆಗೆ ಓದು ಬರಹದ ತೊಡಕನ್ನೂ ಅಲ್ಲಿ ಕನ್ನಡದಲ್ಲೇ ಪರೀಕ್ಷಿಸುವವರಿದ್ದಾರೆ. ಮಂಡ್ಯದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ, ನಾಗಮಂಗಲದವರಿಗೆ ಬಿ.ಜಿ. ನಗರದ ಮೆಡಿಕಲ್ ಕಾಲೇಜಿದೆ. ಬೆಂಗಳೂರಿನ ನಿಮ್ಹಾನ್ಸ್ ತಯಾರಿಸಿದ ಪರೀಕ್ಷಾ ಸಾಮಗ್ರಿಯನ್ನೇ ನ್ಯೂನತೆ ಅಳೆಯುವ ಬಗೆಗಿನ 2018ರ ಕೇಂದ್ರ ಮಾರ್ಗಸೂಚಿ ಇಡೀ ದೇಶಕ್ಕೆ ಹೇಳಿದ್ದು. ಬುದ್ಧಿಮಟ್ಟ ನೋಡಲು ಇಂದಿಗೂ ಬಳಸುವ ಬಿನೆ-ಕಾಮತ್ ಪರೀಕ್ಷೆ 1930ರ ದಶಕದಲ್ಲಿ ರೂಪುಗೊಂಡದ್ದು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ.

ನಾನು ಮಾತನಾಡುತ್ತಿರುವ ಈ ಬಾನುಲಿಗೂ ಈ ವಿಷಯಕ್ಕೂ ಹಳೆಯ ನಂಟೊಂದಿದೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಲಂಡನ್ನಿನಲ್ಲಿ ಕಲಿತು ಬಂದು, 1924ರಲ್ಲಿ ತೆರೆದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು. ಮೈಸೂರಿನ ಗೋಪಾಲಸ್ವಾಮಿ ಶಿಶುವಿಹಾರ ಅವರ ಹೆಸರನ್ನೇ ಹೊತ್ತಿದೆ. ಮಗುವಿನ ಮನಸ್ಸು ಹೇಗೆ ಕಲಿಯುತ್ತದೆ ಎಂದು ಯೋಚಿಸಿದ ಆ ದೊಡ್ಡವರು, ಓದು ಬಾರದವರನ್ನೂ ಮುಟ್ಟುವ ಸಾಧನವೊಂದನ್ನು ಈ ನಾಡಿಗೆ ಕೊಟ್ಟುಹೋದರು ಎಂಬುದನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ.

ಕಾನೂನಿದೆ, ಸಂಸ್ಥೆಗಳಿವೆ, ಪರಿಣತರಿದ್ದಾರೆ. ಹಾಗಿದ್ದೂ ಗಂಜಾಂನ ಹುಡುಗನಿಗೆ ಇದ್ಯಾವುದೂ ದಕ್ಕದಿರುವುದು ಏಕೆ? ಇವನ್ನೆಲ್ಲ ಒಂದಕ್ಕೊಂದು ಜೋಡಿಸುವ ಮನುಷ್ಯ ಕಾಲೇಜಿನಲ್ಲಿ ಇಲ್ಲ ಎಂಬುದೇ ನನ್ನ ಉತ್ತರ.

ಪ್ರೌಢಶಾಲೆ ತನಕ ಯಾರೋ ಒಬ್ಬರು ಇರುತ್ತಾರೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿ.ಆರ್.ಸಿ.ಯಲ್ಲಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬಿ.ಐ.ಇ.ಆರ್.ಟಿ. ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ. ಶಾಲೆಶಾಲೆ ಸುತ್ತುವ ಈ ಮೇಷ್ಟರುಗಳ ಕೆಲಸ ನಿಜಕ್ಕೂ ದೊಡ್ಡದು. ಇವರ ಕಣ್ಣಿಗೆ ಬಿದ್ದ ಮಗುವಿಗೆ ಎಸ್ಸೆಸ್ಸೆಲ್ಸಿಯಲ್ಲಿ ರಿಯಾಯಿತಿ ಸಿಕ್ಕಿರಲೂಬಹುದು. ಆದರೆ ಆ ಕಡತ ಪ್ರೌಢಶಾಲೆಯ ಬೀರುವಿನಲ್ಲೇ ಉಳಿಯುತ್ತದೆ. ಹುಡುಗ ವರ್ಗಾವಣೆ ಪತ್ರ, ಅಂಕಪಟ್ಟಿ ಹಿಡಿದು ಪಟ್ಟಣದ ಕಾಲೇಜಿಗೆ ಬರುತ್ತಾನೆ. ಸಮಗ್ರ ಶಿಕ್ಷಣ ಯೋಜನೆ 2018ರಿಂದ ಹನ್ನೆರಡನೇ ತರಗತಿ ತನಕ ಚಾಚಿಕೊಂಡಿದೆ ಎಂಬುದು ಕಾಗದದಲ್ಲಿ ನಿಜ. ಆದರೆ ಪಿಯು ಉಪನ್ಯಾಸಕರಾದ ನಮಗೆ ಸಿಗುವ ತರಬೇತಿ ಬಹುಪಾಲು ನಮ್ಮ ನಮ್ಮ ವಿಷಯದ್ದೇ. ಅರ್ಥಶಾಸ್ತ್ರದವರು ಅರ್ಥಶಾಸ್ತ್ರ ಮುಗಿಸುತ್ತಾರೆ, ರಾಜ್ಯಶಾಸ್ತ್ರದವರು ತಮ್ಮ ಪಠ್ಯ ಮುಗಿಸುತ್ತಾರೆ. ಆರು ಜನ ಉಪನ್ಯಾಸಕರು ಆರು ಕಡೆಯಿಂದ ಒಬ್ಬನನ್ನೇ ನೋಡುತ್ತಿರುತ್ತೇವೆ, ಕಂಡದ್ದನ್ನು ಒಟ್ಟಿಗೆ ಕೂತು ಮಾತನಾಡುವುದಿಲ್ಲ.

ಇಂಗ್ಲೆಂಡಿನಲ್ಲಿ 1994ರ ವಿಶೇಷ ಶಿಕ್ಷಣದ ಸಂಹಿತೆ ಬಂದಾಗಿನಿಂದ ಪ್ರತಿ ಸಾಮಾನ್ಯ ಶಾಲೆಯಲ್ಲೂ ವಿಶೇಷ ಅಗತ್ಯಗಳ ಸಂಯೋಜಕರು ಎಂದು ಒಬ್ಬ ಶಿಕ್ಷಕರಿರುತ್ತಾರೆ. ಅವರ ಸಂಪತ್ತು ನಮಗಿಲ್ಲ, ಬೇಕಾಗಿಯೂ ಇಲ್ಲ. ನಮ್ಮ ಕಾಲೇಜುಗಳಲ್ಲಿ ಎನ್ನೆಸ್ಸೆಸ್ಸಿಗೆ ಒಬ್ಬರು, ಕ್ರೀಡೆಗೆ ಒಬ್ಬರು, ವಿದ್ಯಾರ್ಥಿವೇತನಕ್ಕೆ ಒಬ್ಬರು ಎಂದು ಉಪನ್ಯಾಸಕರಿಗೆ ಜವಾಬ್ದಾರಿ ಹಂಚುತ್ತೇವಲ್ಲ, ಹಾಗೆಯೇ ಕಲಿಕಾ ಬೆಂಬಲಕ್ಕೂ ಒಬ್ಬರು ಇರಲಿ ಎಂಬುದಷ್ಟೇ ನನ್ನ ಬೇಡಿಕೆ. ಪ್ರಾಂಶುಪಾಲರ ಒಂದು ಆದೇಶ ಸಾಕು. ಅವರಿಗೆ ವಾರದಲ್ಲಿ ನಾಲ್ಕು ಪೀರಿಯಡ್ ಕಡಿಮೆ ಮಾಡಿಕೊಡಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ. ಇರುವ ಹೊರೆಯ ಮೇಲೆ ಇದನ್ನೂ ಹೇರಿದರೆ ಹೆಸರು ನೋಟಿಸ್ ಬೋರ್ಡಿನಲ್ಲಿ ಉಳಿಯುತ್ತದೆ, ಕೆಲಸ ಆಗುವುದಿಲ್ಲ.

ಅವರ ಕೆಲಸ ಏನು? ಮೊದಲನೆಯದು ಕ್ಯಾಲೆಂಡರಿನ ಮೇಲೆ ಕಣ್ಣಿಡುವುದು. ಜೂನ್‌ನಲ್ಲಿ ಕಾಲೇಜು ತೆರೆಯುತ್ತದೆ, ಮಾರ್ಚ್ ಆಸುಪಾಸಿಗೆ ದ್ವಿತೀಯ ಪಿಯುಸಿ ಪರೀಕ್ಷೆ. ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹೋಗಿರುತ್ತದೆ. ಈ ನಡುವೆ ಆಗಬೇಕಾದ್ದು ಬಹಳ. ಕಣ್ಣು, ಕಿವಿ ಸರಿಯಿದೆಯೇ ಎಂದು ಮೊದಲು ನೋಡಿಸಬೇಕು. ಆಮೇಲೆ ಮನಶ್ಶಾಸ್ತ್ರಜ್ಞರಿಂದ ಬುದ್ಧಿಮಟ್ಟದ ಪರೀಕ್ಷೆ, ಓದು, ಬರಹ, ಲೆಕ್ಕದ ಪರೀಕ್ಷೆ. ಅದಾದ ಮೇಲೆ ವೈದ್ಯಕೀಯ ಮಂಡಳಿ, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು. ನ್ಯೂನತೆ ಅಳೆಯುವ ಆ 2018ರ ಮಾರ್ಗಸೂಚಿಯಂತೆ ಎಂಟು ವರ್ಷ ತುಂಬಿದ ಮೇಲೆ ಕೊಟ್ಟ ಪ್ರಮಾಣಪತ್ರವನ್ನು ಹದಿನಾಲ್ಕರಲ್ಲಿ ಮತ್ತೆ, ಹದಿನೆಂಟರಲ್ಲಿ ಮತ್ತೆ ಮಾಡಿಸಬೇಕು. ಪಿಯುಸಿ ಬರುವುದು ಸರಿಯಾಗಿ ಈ ಎರಡರ ನಡುವೆ. ಹಳೆಯ ಪ್ರಮಾಣಪತ್ರ ಇದೆ ಎಂದು ಧೈರ್ಯವಾಗಿ ಕೂತವರು ಕೊನೆಗಳಿಗೆಯಲ್ಲಿ ಪೇಚಿಗೆ ಸಿಕ್ಕುತ್ತಾರೆ. ಲಿಪಿಕಾರರು ಬೇಕಿದ್ದರೆ ಬರೆಯಲು ತೊಂದರೆಯಿದೆ ಎಂಬ ಬೇರೆ ಪತ್ರವನ್ನೂ ಸರ್ಕಾರಿ ವೈದ್ಯಾಧಿಕಾರಿಗಳಿಂದ ಕೇಳುವುದುಂಟು. ಆ ವರ್ಷ ಪರೀಕ್ಷಾ ಮಂಡಳಿಯ ಸುತ್ತೋಲೆ ಏನು ಹೇಳುತ್ತದೆ ಎಂದು ನೋಡಿ, ಮೂಲಪ್ರತಿ, ಜೆರಾಕ್ಸು ಜೋಡಿಸಿ, ಸರಿಯಾದ ದಿನಕ್ಕೆ ಮುಟ್ಟಿಸುವುದು ಹೊಲದಲ್ಲಿ ದುಡಿಯುವ ತಾಯಿತಂದೆಯರಿಂದ ಆಗುವ ಕೆಲಸವಲ್ಲ. ಕೆ.ಆರ್. ಪೇಟೆಯ ಹಳ್ಳಿಯಿಂದ ಮೈಸೂರಿಗೆ ಒಂದು ದಿನ ಬಂದರೆ ಆ ದಿನದ ಕೂಲಿ ಹೋಯಿತು. ಮೂರು ಸಲ ಅಲೆದಾಡಿಸಿದರೆ ನಾಲ್ಕನೆಯ ಸಲ ಅವರು ಬರುವುದಿಲ್ಲ, ಬಾರದ್ದಕ್ಕೆ ನಾವು ಅವರನ್ನು ದೂರುವಂತಿಲ್ಲ. ಮೊದಲೇ ಮಾತಾಡಿ ದಿನ ಗೊತ್ತುಮಾಡಿಕೊಂಡು, ಪಾಂಡವಪುರದ ಇಬ್ಬರು, ಶ್ರೀರಂಗಪಟ್ಟಣದ ಮೂವರು ಒಟ್ಟಿಗೆ ಹೋಗುವಂತೆ ಮಾಡಬಹುದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಕಲಚೇತನರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಈ ಓಡಾಟಕ್ಕೆ ತುಂಬ ನೆರವಾಗಬಲ್ಲರು. ನಮ್ಮ ಕಾಲೇಜುಗಳು ಅವರನ್ನು ಕೇಳುವುದೇ ಇಲ್ಲ.

ಆದರೆ ಪ್ರಮಾಣಪತ್ರ ಬರುವ ತನಕ ಕಾಯುತ್ತ ಕೂರಬಾರದು. ತರಗತಿಯಲ್ಲಿ ಮಾಡಬಹುದಾದದ್ದಕ್ಕೆ ಯಾವ ಮಂಡಳಿಯ ಅನುಮತಿಯೂ ಬೇಡ. ಪಾಠ ಶುರುಮಾಡುವಾಗ ಇವತ್ತಿನ ಮುಖ್ಯ ಅಂಶಗಳನ್ನು ಬೋರ್ಡಿನ ಮೂಲೆಯಲ್ಲಿ ನಾಲ್ಕು ಸಾಲು ಬರೆದಿಡಿ, ಪೀರಿಯಡ್ ಮುಗಿಯುವ ತನಕ ಅಳಿಸಬೇಡಿ. ನೋಟ್ಸ್ ಹೇಳಿ ಬರೆಸುವ ಪದ್ಧತಿ ಇವರ ಪಾಲಿಗೆ ದೊಡ್ಡ ಶಿಕ್ಷೆ. ಎರಡು ಸಾಲು ಹಿಂದೆ ಬಿದ್ದವನು ಪುಟವನ್ನೇ ಕಳೆದುಕೊಳ್ಳುತ್ತಾನೆ. ಜೆರಾಕ್ಸ್ ಕೊಡಿ, ಇಲ್ಲವೇ ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಬಿಡಿ. ಲೆಕ್ಕಶಾಸ್ತ್ರಕ್ಕೆ ಚೌಕುಳಿ ಹಾಳೆ ಬಳಸಿದರೆ ಅಂಕಿಗಳು ತಮ್ಮ ತಮ್ಮ ಕಾಲಮ್ಮಿನಲ್ಲಿ ನಿಲ್ಲುತ್ತವೆ. ಇಡೀ ತರಗತಿಯ ಮುಂದೆ ಗಟ್ಟಿಯಾಗಿ ಓದಲು ಯಾವತ್ತೂ ಎಬ್ಬಿಸಬೇಡಿ. ಕಾಗುಣಿತದ ತಪ್ಪಿಗೆ ಕೆಂಪು ಗೀಟು ಹಾಕುವ ಮೊದಲು ಉತ್ತರದ ತಿರುಳು ಸರಿಯಿದೆಯೇ ನೋಡಿ ಅದಕ್ಕೆ ಅಂಕ ಕೊಡಿ. ಕಿರುಪರೀಕ್ಷೆಯನ್ನು ಒಮ್ಮೆ ಬಾಯಲ್ಲಿ ಕೇಳಿ ನೋಡಿ. ಏನೂ ಬರುವುದಿಲ್ಲ ಎಂದುಕೊಂಡಿದ್ದವನ ಬಾಯಿಂದ ಪಾಠ ಪೂರ್ತಿ ಬಂದಾಗ ಅವನ ಬಗ್ಗೆ ನೀವು ಇಟ್ಟುಕೊಂಡ ಅಭಿಪ್ರಾಯವೇ ಬದಲಾಗುತ್ತದೆ.

ಫೋನಿನ ಮಾತು ಬಂತಲ್ಲ. ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಈಗ ಸಾಧಾರಣ ಮೊಬೈಲಿನಲ್ಲೂ ಸಿಗುತ್ತದೆ. ಬೆರಳಿಟ್ಟು ಪುಸ್ತಕ ನೋಡುತ್ತ ಅದೇ ಪಾಠವನ್ನು ಕಿವಿಯಿಂದ ಕೇಳಿದರೆ ಇವರಿಗೆ ಅರ್ಥ ಹತ್ತುವುದು ಸುಲಭ. ಮುದ್ರಿತ ಅಕ್ಷರ ಓದಲಾಗದವರಿಗೆ ಪುಸ್ತಕಗಳನ್ನು ಬೇರೆ ರೂಪಕ್ಕೆ ತರಲು ಹಕ್ಕುಸ್ವಾಮ್ಯ ಅಡ್ಡಿಯಾಗಬಾರದು ಎಂಬ ಮರಾಕೇಶ್ ಒಪ್ಪಂದ 2013ರಲ್ಲಿ ಆಯಿತು. 2014ರಲ್ಲಿ ಅದನ್ನು ಸ್ಥಿರೀಕರಿಸಿದ ಮೊತ್ತಮೊದಲ ದೇಶ ಭಾರತ. ಆ ಒಪ್ಪಂದ ಕುರುಡರಿಗಷ್ಟೇ ಸೀಮಿತವಲ್ಲ, ಓದುವ ತೊಡಕಿರುವವರೂ ಅದರಲ್ಲಿ ಸೇರುತ್ತಾರೆ. 2016ರಲ್ಲಿ ತೆರೆದ ಸುಗಮ್ಯ ಪುಸ್ತಕಾಲಯ ಎಂಬ ಅಂತರ್ಜಾಲ ಗ್ರಂಥಾಲಯವೂ ಇಂಥವರಿಗಾಗಿಯೇ ಇದೆ. ನಮ್ಮ ಪಿಯು ಪಠ್ಯಗಳೆಲ್ಲ ಕೇಳುವ ರೂಪದಲ್ಲಿ ಬಂದರೆ ಎಷ್ಟು ಚೆನ್ನ. ಪಾಠ ಚೆನ್ನಾಗಿ ಓದುವ ಹಿರಿಯ ವಿದ್ಯಾರ್ಥಿಗಳು, ನಿವೃತ್ತ ಮೇಷ್ಟರುಗಳು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ.

ಲಿಪಿಕಾರರ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಪರೀಕ್ಷೆಯ ಹಿಂದಿನ ದಿನ ಕೆಳಗಿನ ತರಗತಿಯ ಒಬ್ಬನನ್ನು ಹುಡುಕಿ ತಂದು ಪಕ್ಕದಲ್ಲಿ ಕೂರಿಸಿದರೆ ಸೌಲಭ್ಯ ಕೊಟ್ಟಂತಾಯಿತು ಎಂದು ನಾವು ತಿಳಿಯುತ್ತೇವೆ. ಹೇಳಿ ಬರೆಸುವುದೂ ಒಂದು ವಿದ್ಯೆ, ಅದನ್ನು ಕಲಿಯಲು ತಿಂಗಳುಗಳು ಬೇಕು. ಮಾತಾಡುವ ವೇಗಕ್ಕೂ ಬರೆಯುವ ಕೈಗೂ ತಾಳ ಹೊಂದಬೇಕು. ಉತ್ತರದ ಯಾವ ಭಾಗ ಮೊದಲು, ಎಲ್ಲಿ ಹೊಸ ಪ್ಯಾರಾ, ಎಲ್ಲಿ ಪೂರ್ಣವಿರಾಮ, ಇದೆಲ್ಲವನ್ನೂ ವಿದ್ಯಾರ್ಥಿಯೇ ಹೇಳಬೇಕು. ಬರೆದದ್ದನ್ನು ಓದಿಸಿ ಕೇಳಿ ತಿದ್ದಿಸಬೇಕು. ಅಪರಿಚಿತನ ಎದುರು ತನ್ನ ತೊಡಕು ಬಯಲಾಯಿತಲ್ಲ ಎಂಬ ನಾಚಿಕೆಯನ್ನು ಮೀರಬೇಕು. ಮೊದಲ ಸಲ ಇದನ್ನೆಲ್ಲ ಮಾರ್ಚ್ ತಿಂಗಳ ಪರೀಕ್ಷಾ ಕೊಠಡಿಯಲ್ಲೇ ಮಾಡು ಎಂದರೆ ಯಾರಿಗೆ ಆಗುತ್ತದೆ? ಆಗಸ್ಟ್ ಹೊತ್ತಿಗೆ ಕಿರುಪರೀಕ್ಷೆಯಲ್ಲೇ ಅಭ್ಯಾಸ ಶುರುವಾಗಬೇಕು. ಮಧ್ಯವಾರ್ಷಿಕ ಪರೀಕ್ಷೆಗೆ ಹೆಚ್ಚಿನ ಸಮಯವನ್ನೂ ಕೊಟ್ಟು ನೋಡಬೇಕು. ಕೆಲವರಿಗೆ ಲಿಪಿಕಾರರು ಬೇಕಾಗುವುದೇ ಇಲ್ಲ, ಪ್ರಶ್ನೆಯನ್ನು ಓದಿ ಹೇಳಿ ಒಂದು ಗಂಟೆ ಹೆಚ್ಚಿಗೆ ಕೊಟ್ಟರೆ ತಾವೇ ಬರೆಯುತ್ತಾರೆ. ಅದು ಗೊತ್ತಾಗುವುದೂ ಈ ಅಭ್ಯಾಸದಿಂದಲೇ. ವಿದ್ಯಾರ್ಥಿಯನ್ನೇ ಕೂರಿಸಿಕೊಂಡು ಕೇಳಿ: ನಿನಗೆ ಯಾವುದು ಅನುಕೂಲವಾಯಿತಪ್ಪ, ಯಾವುದು ಬೇಡ? ಹದಿನೇಳರ ಪ್ರಾಯದವನ ವಿಷಯದಲ್ಲಿ ಅವನನ್ನು ಬಿಟ್ಟು ನಾವು ತೀರ್ಮಾನ ಮಾಡುವುದು ಸರಿಯಲ್ಲ. ಅವನ ಒಪ್ಪಿಗೆಯಿಲ್ಲದೆ ಅವನ ತೊಡಕಿನ ವಿಷಯವನ್ನು ತರಗತಿಗೆ ಹೇಳುವುದಂತೂ ಕೂಡದು.

ಇಷ್ಟೆಲ್ಲ ಮಾಡಿದರೂ ಯಾವುದೋ ಒಂದು ವಿಷಯ ಪಾಸಾಗದೆ ಉಳಿದುಹೋಗಬಹುದು. 2024ರಿಂದ ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಬಂದಿರುವುದರಿಂದ ಅದನ್ನು ಕೆಲವೇ ತಿಂಗಳಲ್ಲಿ ಮತ್ತೆ ಬರೆಯಬಹುದು. ಕಾಲೇಜಿಗೆ ಬರುವುದೇ ಸಾಧ್ಯವಿಲ್ಲ ಎಂದಾದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿದೆ. ಅಲ್ಲಿ ಐದು ವರ್ಷದೊಳಗೆ ಒಂಬತ್ತು ಅವಕಾಶಗಳಲ್ಲಿ ಒಂದೊಂದೇ ವಿಷಯ ಮುಗಿಸಿಕೊಂಡು ಹೋಗಬಹುದು. ಬಾಗಿಲು ಮುಚ್ಚಿತು ಎಂದು ಯಾರೂ ತಿಳಿಯಬೇಕಾಗಿಲ್ಲ. ಶೇಕಡಾ 40ರ ಪ್ರಮಾಣಪತ್ರ ಇರುವವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ರಷ್ಟು ಸೀಟುಗಳನ್ನು ಕಾಯ್ದೆ ಮೀಸಲಿಟ್ಟಿದೆ. ಆದ್ದರಿಂದ ಕಾಲೇಜು ಬಿಡುವಾಗ ಕಡತದ ಒಂದು ಪ್ರತಿ ವಿದ್ಯಾರ್ಥಿಯ ಕೈಗೇ ಹೋಗಬೇಕು. ಏನು ತೊಡಕು, ಯಾವ ನೆರವು ಕೊಟ್ಟೆವು, ಯಾವುದರಿಂದ ಅಂಕ ಏರಿತು ಎಂದು ಅದರಲ್ಲಿ ಬರೆದಿರಬೇಕು. ಪದವಿ ಕಾಲೇಜಿನಲ್ಲಿ ಅವನು ಮತ್ತೆ ಮೊದಲಿನಿಂದ ಹೇಳಿಕೊಳ್ಳುವುದು ಆಗ ತಪ್ಪುತ್ತದೆ.

ಈ ಮಾತನ್ನು ಯಾರಾದರೂ ಪ್ರಾಂಶುಪಾಲರು ಕೇಳುತ್ತಿದ್ದರೆ ಅವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ದಾಖಲಾತಿ ಹೊತ್ತಿಗೆ ಅರ್ಜಿ ನಮೂನೆಗೆ ಒಂದು ಪ್ರಶ್ನೆ ಸೇರಿಸಿ: ಹತ್ತನೇ ತರಗತಿಯಲ್ಲಿ ಈ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ರಿಯಾಯಿತಿ ಸಿಕ್ಕಿತ್ತೇ, ಓದು ಬರಹದಲ್ಲಿ ತೊಂದರೆಯಿದೆ ಎಂದು ಯಾರಾದರೂ ಹೇಳಿದ್ದರೇ? ಹೌದು ಎಂದವರ ಪಟ್ಟಿಯನ್ನು ಜೂನ್ ಮುಗಿಯುವುದರೊಳಗೆ ತಾಲ್ಲೂಕಿನ ಬಿ.ಆರ್.ಸಿ.ಗೆ ಕಳಿಸಿ ಹಳೆಯ ಕಡತ ತರಿಸಿಕೊಳ್ಳಿ. ಹೌದು ಎಂದು ಬರೆಯಲು ಸಂಕೋಚಪಟ್ಟವರೂ ಇರುತ್ತಾರೆ. ಅವರಿಗಾಗಿ ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ಎಲ್ಲ ಉಪನ್ಯಾಸಕರೂ ಒಂದು ಮಧ್ಯಾಹ್ನ ಒಟ್ಟಿಗೆ ಕೂತು ನೋಡಿ. ಬಾಯಲ್ಲಿ ಚೆನ್ನಾಗಿ ಹೇಳಿ ಹಾಳೆಯಲ್ಲಿ ಬರೆಯದವರು ಯಾರು ಎಂದು ಅವತ್ತೇ ತಿಳಿಯುತ್ತದೆ, ಪರೀಕ್ಷೆಗೆ ಇನ್ನೂ ಏಳು ತಿಂಗಳು ಇರುತ್ತದೆ.